ಗ್ಲೈಡರ್‌ನ ವಾರ್ಷಿಕ ತಪಾಸಣೆ: ಹ್ಯಾಂಗರ್‌ನಲ್ಲಿ ಕಲಿತ ಕೆಲಸ

ಗ್ಲೈಡಿಂಗ್ ಕ್ಲಬ್‌ಗಳಲ್ಲಿ ಸಂಬಳಕ್ಕೆ ದುಡಿಯುವವರು ತೀರ ಕಡಿಮೆ. ಗ್ಲೈಡರನ್ನು ಹಗ್ಗದಿಂದ ಎಳೆದು ಮೇಲೇರಿಸುವ ಯಂತ್ರವಾದ ವಿಂಚ್ ನಡೆಸುವುದು, ಬಿದ್ದ ಹಗ್ಗವನ್ನು ಎಳೆದು ತರುವುದು, ರೆಕ್ಕೆಯ ತುದಿ ಹಿಡಿದು ಓಡುವುದು ಇವೆಲ್ಲವನ್ನೂ ಸದಸ್ಯರೇ ಮಾಡುವಂತೆ, ಹಾರಾಟದ ಋತು ಮುಗಿದ ಮೇಲೆ ಗ್ಲೈಡರ್‌ಗಳನ್ನು ಕಳಚಿ ವಾರ್ಷಿಕ ತಪಾಸಣೆಗೆ ಸಜ್ಜುಗೊಳಿಸುವ ಕೆಲಸದ ಬಹುಪಾಲೂ ಸದಸ್ಯರ ಹೆಗಲಿಗೇ ಬೀಳುತ್ತದೆ. ಎಂಜಿನ್ ಇಲ್ಲದ ವಿಮಾನಕ್ಕೆ ಅಷ್ಟೊಂದು ಆರೈಕೆ ಏಕೆ ಎಂದು ಹೊರಗಿನವರು ಕೇಳುವುದುಂಟು. ಇಂಧನ, ಎಣ್ಣೆ, ಕಾವು ಇವುಗಳ ಗೊಡವೆ ಇಲ್ಲದಿರುವುದು ನಿಜ. ಆದರೆ ರೆಕ್ಕೆಯ ಉದ್ದಕ್ಕೂ ಸಾಗುವ ತೊಲೆಯಾದ ಸ್ಪಾರ್, ಎರಡು ರೆಕ್ಕೆಗಳನ್ನು ಒಂದಾಗಿಸುವ ಪಿನ್ನುಗಳು, ಬಾಲದಲ್ಲಿದ್ದು ಮೂಗನ್ನು ಏರಿಳಿಸುವ ಎಲಿವೇಟರ್ ಮತ್ತು ರೆಕ್ಕೆಯ ಹಿಂದಂಚಿನಲ್ಲಿದ್ದು ವಿಮಾನವನ್ನು ಪಕ್ಕಕ್ಕೆ ವಾಲಿಸುವ ಏಲೆರಾನ್‌ಗಳನ್ನು ಪೈಲಟ್‌ನ ಕೈಗೆ ಸೇರಿಸುವ ದಂಡಗಳು, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ನ ಕೇಬಲ್‌ಗಳು ಇವುಗಳಲ್ಲಿ ಒಂದು ಕೈಕೊಟ್ಟರೂ ಅದರ ಜಾಗಕ್ಕೆ ನಿಲ್ಲುವ ಇನ್ನೊಂದು ಸಾಮಾನ್ಯವಾಗಿ ಇರುವುದಿಲ್ಲ. ಮೇಲಾಗಿ, ಗ್ಲೈಡರ್ ಪದೇಪದೇ ಬಿಚ್ಚಿ ಜೋಡಿಸುವುದಕ್ಕೆಂದೇ ಕಟ್ಟಿದ ವಿಮಾನವಾದ್ದರಿಂದ, ಜೋಡಣೆಯಲ್ಲಿ ಏನಾದರೂ ಬಿಟ್ಟುಹೋಗುವ ಸಾಧ್ಯತೆ ಅದರ ರಚನೆಯಲ್ಲಿಯೇ ಇದೆ.

ಈ ಕೆಲಸದಲ್ಲಿ ಸ್ವಯಂಸೇವಕರ ಸ್ಥಾನವೇನು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮಾಲೀಕರು ಅಥವಾ ಪೈಲಟ್‌ಗಳು ತಾವೇ ಮಾಡಬಹುದಾದ ಕೆಲಸಗಳಿಗೆ ನಿಯಮಗಳು ಗೆರೆ ಎಳೆದಿರುತ್ತವೆ. ಅಮೆರಿಕದ ನಿಯಮಗಳಲ್ಲಿ ಅಂಥ ಚಿಕ್ಕಪುಟ್ಟ ಕೆಲಸಗಳ ಪಟ್ಟಿಯೇ ಇದೆ. ಯುರೋಪಿನಲ್ಲಿ 2020ರಿಂದ ಜಾರಿಯಲ್ಲಿರುವ, ಹಗುರ ವಿಮಾನಗಳ ನಿರ್ವಹಣೆಗೆ ಸಂಬಂಧಿಸಿದ ಪಾರ್ಟ್-ಎಂಎಲ್ ನಿಯಮಾವಳಿ ಪೈಲಟ್ ಆಗಿರುವ ಮಾಲೀಕರಿಗೆ ಇನ್ನಷ್ಟು ಅವಕಾಶ ಕೊಟ್ಟಿದೆ. ಆ ಗೆರೆಯಾಚೆಗಿನ ಕೆಲಸಗಳನ್ನು ಸ್ವಯಂಸೇವಕರು ಅರ್ಹ ತಪಾಸಕರ ಮೇಲ್ವಿಚಾರಣೆಯಲ್ಲಿ ಮಾತ್ರ ಮಾಡಬೇಕು, ಮತ್ತು ಗ್ಲೈಡರ್ ಹಾರಲು ಯೋಗ್ಯವೆಂದು ಸಹಿ ಹಾಕುವವರು ಆ ತಪಾಸಕರೇ. ನಾನು ಸೇರಿದ ಗುಂಪಿನಲ್ಲಿ ಅಂಥ ಹಿರಿಯ ತಪಾಸಕರೊಬ್ಬರಿದ್ದರು. ನಾವು ಕೆಲವು ಸದಸ್ಯರು ಅವರ ಕೈಕೆಳಗೆ ಫೈಬರ್‌ಗ್ಲಾಸ್‌ನ ಎರಡಾಸನದ ತರಬೇತಿ ಗ್ಲೈಡರ್ ಒಂದನ್ನು ಬಿಚ್ಚಿ, ನೋಡಿ, ಮತ್ತೆ ಜೋಡಿಸಿದೆವು. ಆ ಕೆಲಸ ಹೇಗೆ ನಡೆಯಿತು, ಅದರಲ್ಲಿ ಯಾವುದು ಮುಖ್ಯವೆಂದು ನನಗೆ ಕಂಡಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ದಿನ ಯಾರೂ ಗ್ಲೈಡರನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ನಿರ್ವಹಣಾ ಕೈಪಿಡಿ, ಲಾಗ್‌ಬುಕ್, ಹಿಂದಿನ ವರ್ಷದ ತಪಾಸಣಾ ಪಟ್ಟಿ, ತಯಾರಕರು ಹೊರಡಿಸಿದ ತಾಂತ್ರಿಕ ಸೂಚನೆಗಳು, ವಿಮಾನಯಾನ ಪ್ರಾಧಿಕಾರದ ಕಡ್ಡಾಯ ನಿರ್ದೇಶನಗಳು ಇವಿಷ್ಟನ್ನು ಹರಡಿಕೊಂಡು ಕುಳಿತೆವು. ಗ್ಲೈಡರ್ ಎಷ್ಟು ಗಂಟೆ ಹಾರಿದೆ ಎಂಬುದರಷ್ಟೇ ಮುಖ್ಯವಾದುದು ಅದು ಎಷ್ಟು ಬಾರಿ ಏರಿ ಇಳಿದಿದೆ ಎಂಬ ಲೆಕ್ಕ. ತರಬೇತಿ ಗ್ಲೈಡರ್ ಒಂದೇ ಗಂಟೆಯಲ್ಲಿ ಹಲವು ಸಲ ವಿಂಚ್‌ನ ಎಳೆತವನ್ನೂ ನೆಲದ ಹೊಡೆತವನ್ನೂ ತಾಳಿಕೊಳ್ಳುವುದರಿಂದ, ಗಂಟೆಗಳ ಲೆಕ್ಕವೊಂದೇ ಅದರ ಸವೆತವನ್ನು ಹೇಳಲಾರದು. ಫೈಬರ್‌ಗ್ಲಾಸ್‌ನ ಅನೇಕ ಮಾದರಿಗಳಿಗೆ 3000 ಗಂಟೆಗಳ ಹಾರಾಟದ ಬಳಿಕ ವಿಶೇಷ ತಪಾಸಣೆಯೊಂದನ್ನು ವಿಧಿಸಲಾಗಿದೆ. ಅದನ್ನು ದಾಟಿದರಷ್ಟೇ ಮುಂದಿನ ಹಾರಾಟಕ್ಕೆ ಅನುಮತಿ.

ಕಾಗದಗಳನ್ನು ಹೀಗೆ ಮೊದಲು ಓದಬೇಕೆಂಬುದಕ್ಕೆ ತಪಾಸಕರು ಕೊಟ್ಟ ಉದಾಹರಣೆ ಎಲ್-13 ಬ್ಲಾನಿಕ್‌ನದು. 1956ರಲ್ಲಿ ಮೊದಲು ಹಾರಿದ ಈ ಲೋಹದ ಗ್ಲೈಡರ್ ಜಗತ್ತಿನ ಎಷ್ಟೋ ಕ್ಲಬ್‌ಗಳಲ್ಲಿ ತಲೆಮಾರುಗಳಿಗೆ ಹಾರಲು ಕಲಿಸಿತ್ತು. 2010ರ ಜೂನ್‌ನಲ್ಲಿ ಆಸ್ಟ್ರಿಯಾದಲ್ಲಿ ಅಂಥ ಒಂದು ಗ್ಲೈಡರ್‌ನ ರೆಕ್ಕೆ ಆಕಾಶದಲ್ಲಿಯೇ ಮುರಿದು ಅದರಲ್ಲಿದ್ದ ಇಬ್ಬರೂ ತೀರಿಕೊಂಡರು. ಸ್ಪಾರ್‌ನ ಲೋಹದಲ್ಲಿ, ಪದೇಪದೇ ಬಿದ್ದ ಹೊರೆಯ ದಣಿವಿನಿಂದ, ಬಿರುಕು ಬೆಳೆದಿತ್ತು. ಅದರ ಬೆನ್ನಿಗೆ ಅನೇಕ ದೇಶಗಳಲ್ಲಿ ಆ ಮಾದರಿಯ ಹಾರಾಟವನ್ನೇ ನಿಲ್ಲಿಸಲಾಯಿತು. ಅಂಥ ಬಿರುಕು ಕಣ್ಣಿಗೆ ಬೀಳುವ ಜಾಗದಲ್ಲೇ ಇರುತ್ತದೆಂಬ ಭರವಸೆಯಿಲ್ಲ; ಎಲ್ಲಿ, ಯಾವ ಸಾಧನದಿಂದ, ಎಷ್ಟು ಗಂಟೆಗಳಿಗೊಮ್ಮೆ ನೋಡಬೇಕು ಎಂಬುದನ್ನು ಹೇಳುವುದು ಕಾಗದವೇ. ಲಾಗ್‌ಬುಕ್ಕಿನಲ್ಲಿ ಗಂಟೆಗಳನ್ನು ಅಂದಾಜಿನಲ್ಲಿ ಬರೆದಿದ್ದರೆ ಆ ಸೂಚನೆಯೂ ನಿಷ್ಫಲವಾಗುತ್ತದೆ. ಹಾರಾಟ ಮುಗಿದ ಮೇಲೆ ದಿನದ ಲೆಕ್ಕ ಬರೆಯುವುದನ್ನು ಬೇಸರದ ಕೆಲಸವೆಂದು ತಿಳಿಯುವವರೆಲ್ಲ ಒಮ್ಮೆಯಾದರೂ ಈ ಮೇಜಿನ ಬಳಿ ಕೂರಬೇಕೆಂದು ನನ್ನ ಆಸೆ.

ಆಮೇಲೆ ಬಂದದ್ದು ಶುಚಿಗೊಳಿಸುವ ಕೆಲಸ. ಇದು ತಪಾಸಣೆಗೆ ಮುಂಚಿನ ಸಿದ್ಧತೆ ಎಂದು ನಾನು ಎಣಿಸಿದ್ದೆ. ವಾಸ್ತವದಲ್ಲಿ ತಪಾಸಣೆಯ ಅರ್ಧ ಅದೇ. ರೆಕ್ಕೆಯ ಸಂದುಗಳಿಗೆ ಅಂಟಿಸಿದ್ದ ಟೇಪ್ ಕಿತ್ತು, ಅದರ ಅಂಟನ್ನು ಉಜ್ಜಿ ತೆಗೆದು, ಚಕ್ರದ ಗೂಡಿನಲ್ಲಿ ಒಣಗಿ ಗಟ್ಟಿಯಾದ ಮಣ್ಣನ್ನು ಕೆರೆದು, ಆಸನಗಳನ್ನು ಹೊರತೆಗೆದು ಅಡಿಯಲ್ಲಿನ ದೂಳನ್ನು ಹೀರುವ ಯಂತ್ರದಿಂದ ತೆಗೆಯುವಾಗ, ಗ್ಲೈಡರ್‌ನ ಒಂದೊಂದು ಅಂಗುಲದ ಮೇಲೂ ಕೈಯೂ ಕಣ್ಣೂ ಹಾಯುತ್ತವೆ. ಆಸನದಡಿಯ ಜಾಗ ವಿಶೇಷ ಗಮನಕ್ಕೆ ಅರ್ಹವಾದದ್ದು. ಪೈಲಟ್‌ಗಳ ಜೇಬಿನಿಂದ ಜಾರಿದ ಪೆನ್ನು, ನಾಣ್ಯ, ಸಣ್ಣ ಸ್ಕ್ರೂ ಮುಂತಾದವು ಸೇರಿಕೊಳ್ಳುವುದು ಅಲ್ಲಿ, ಮತ್ತು ಪೈಲಟ್ ಕೈಯಲ್ಲಿ ಹಿಡಿದು ವಿಮಾನ ನಡೆಸುವ ಸ್ಟಿಕ್ಕಿನ ಬುಡದ ದಂಡಗಳು ಚಲಿಸುವುದೂ ಅಲ್ಲೇ. ಸಡಿಲವಾಗಿ ಬಿದ್ದಿರುವ ಒಂದು ಪೆನ್ನು ದಂಡಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡರೆ ಸ್ಟಿಕ್ ಅಲ್ಲಿಗೇ ನಿಲ್ಲುತ್ತದೆ. ರೆಕ್ಕೆಗೆ ಹೊಳಪು ಕೊಡುವ ದಿನ ಬಹಳ ಜನ ಬರುತ್ತಾರೆ, ಆಸನದಡಿ ಬಗ್ಗುವ ದಿನ ಕೆಲವರೇ ಇರುತ್ತಾರೆ. ಕ್ಲಬ್‌ಗಳು ಇದನ್ನು ತಿರುಗುಮುರುಗು ಮಾಡಿದರೆ ಒಳ್ಳೆಯದು.

ಫೈಬರ್‌ಗ್ಲಾಸ್‌ನ ಮೇಲಿರುವ ಬಿಳಿಯ ಹೊದಿಕೆಗೆ ಜೆಲ್‌ಕೋಟ್ ಎನ್ನುತ್ತಾರೆ. ಗ್ಲೈಡರ್‌ಗಳು ಹೆಚ್ಚಾಗಿ ಬಿಳಿಯಾಗಿರುವುದು ಅಂದಕ್ಕಲ್ಲ. ಬಿಸಿಲಿನಲ್ಲಿ ಗಾಢ ಬಣ್ಣದ ಮೈ ವಿಪರೀತ ಕಾದು, ಒಳಗಿನ ಎಪಾಕ್ಸಿ ಅಂಟು ಮೆದುವಾಗಿ, ರೆಕ್ಕೆ ತನ್ನ ಬಲವನ್ನು ಕಳೆದುಕೊಳ್ಳುತ್ತದೆ ಎಂಬುದು ಕಾರಣ. ಬಿಸಿಲು, ತೇವ ಮತ್ತು ಎತ್ತರದ ಚಳಿಗಳಿಗೆ ಸಿಕ್ಕು ವರ್ಷಗಳು ಕಳೆದಂತೆ ಜೆಲ್‌ಕೋಟ್ ಕೂದಲೆಳೆಯ ಗೆರೆಗಳಾಗಿ ಬಿರಿಯುತ್ತದೆ. ಹೊದಿಕೆಯಲ್ಲಷ್ಟೇ ಇರುವ ಗೆರೆ ಯಾವುದು, ಒಳಗಿನ ನಾರಿನವರೆಗೂ ಇಳಿದ ಬಿರುಕು ಯಾವುದು ಎಂದು ತಿಳಿಯುವುದೇ ಇಲ್ಲಿನ ವಿದ್ಯೆ. ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣದು. ಮೈಗೆ ಸವರುವಂತೆ ಓರೆಯಾಗಿ ಹಿಡಿದರೆ ಗೆರೆಗಳು ಎದ್ದು ಕಾಣುತ್ತವೆ. ಅನುಮಾನ ಬಂದಲ್ಲಿ, ಮಡಕೆ ಕೊಳ್ಳುವವರು ಮಾಡುವ ಹಾಗೆ, ನಾಣ್ಯದಿಂದ ಮೆಲ್ಲಗೆ ತಟ್ಟಿ ಕಿವಿಗೊಡಬೇಕು. ಪದರಗಳು ಒಂದಕ್ಕೊಂದು ಗಟ್ಟಿಯಾಗಿ ಕೂಡಿಕೊಂಡಿದ್ದರೆ ದನಿ ಚುರುಕಾಗಿರುತ್ತದೆ, ಒಳಗೆ ಬಿಟ್ಟುಕೊಂಡಿದ್ದರೆ ಮಂಕಾಗುತ್ತದೆ.

ಚಕ್ರದ ಗೂಡಿನ ಮೂಲೆಯಿಂದ ಹೊರಟ ಒಂದು ಗೆರೆ ನಮ್ಮ ಕಣ್ಣಿಗೆ ಬಿತ್ತು. ಗಡುಸಾಗಿ ಇಳಿದಾಗ ಹೊಡೆತ ಮೊದಲು ಮುಟ್ಟುವ ಜಾಗ ಅದು, ಆದ್ದರಿಂದ ಯಾರೂ ಅದನ್ನು ಹಗುರವಾಗಿ ಎಣಿಸಲಿಲ್ಲ. ಕಂಡವರು ಮಾಡಬೇಕಾದದ್ದು ಇಷ್ಟೇ: ಗೆರೆಯ ಎರಡು ತುದಿಗಳಿಗೂ ಪೆನ್ಸಿಲ್ ಗುರುತು ಹಾಕಿ, ದಿನಾಂಕ ಬರೆದು, ಚಿತ್ರ ತೆಗೆದು, ಪಟ್ಟಿಗೆ ಸೇರಿಸಿ, ತಪಾಸಕರನ್ನು ಕರೆಯುವುದು. ಅವರು ಲಾಗ್‌ಬುಕ್ಕಿನಲ್ಲಿ ಗಡುಸಾದ ಇಳಿತದ ದಾಖಲೆಯೇನಾದರೂ ಇದೆಯೇ ಎಂದು ಮೊದಲು ನೋಡಿದರು, ಇರಲಿಲ್ಲ. ಬಳಿಕ ನೀರು ಹಚ್ಚಿದ ಉಪ್ಪು ಕಾಗದದಿಂದ ಅಷ್ಟು ಜಾಗದ ಜೆಲ್‌ಕೋಟನ್ನು ಬಹಳ ಸಾವಧಾನವಾಗಿ ಉಜ್ಜಿ ತೆಗೆದರು. ಬಿಳಿ ಸವೆದು ಕೆಳಗಿನ ಗಾಜಿನ ನಾರು ಕಾಣಿಸತೊಡಗಿದಾಗ ಅವರು ನನ್ನನ್ನು ಹತ್ತಿರ ಕರೆದು ತೋರಿಸಿದರು. ಗಾಯವಾಗದ ನಾರು ಮತ್ತು ಅಂಟಿನ ಪದರ ಅರೆಪಾರದರ್ಶಕವಾಗಿರುತ್ತದೆ; ಮುರಿದಿದ್ದರೆ ಅಥವಾ ಪದರ ಬಿಟ್ಟಿದ್ದರೆ ಅಲ್ಲಿ ಬೆಳ್ಳಗಿನ ಮಚ್ಚೆ ಕಾಣುತ್ತದೆ. ನಮ್ಮದರಲ್ಲಿ ಮಚ್ಚೆ ಇರಲಿಲ್ಲ. ಗೆರೆ ಹೊದಿಕೆಯಲ್ಲಿಯೇ ನಿಂತಿತ್ತು. ಮಚ್ಚೆ ಇದ್ದಿದ್ದರೆ ಆ ಕೆಲಸ ನಮ್ಮ ಕೈದಾಟಿ, ಪರವಾನಗಿ ಇರುವ ಕಾರ್ಯಾಗಾರಕ್ಕೆ ಹೋಗುತ್ತಿತ್ತು. ಹೊಸ ಜೆಲ್‌ಕೋಟ್ ಹಚ್ಚಿ, ಅದು ಗಟ್ಟಿಯಾದ ಮೇಲೆ 400ನೆಯ ನಂಬರಿನ ಕಾಗದದಿಂದ ಆರಂಭಿಸಿ ನಯವಾದವುಗಳತ್ತ ಹೋಗುತ್ತ ಉಜ್ಜಿದೆವು. ಕೊನೆಯಲ್ಲಿ ಹಚ್ಚುವ ಮೇಣದಲ್ಲಿ ಸಿಲಿಕೋನ್ ಇರಕೂಡದು, ಏಕೆಂದರೆ ಮುಂದೆಂದಾದರೂ ಅಲ್ಲಿ ರಿಪೇರಿ ಮಾಡಬೇಕಾಗಿ ಬಂದರೆ ಸಿಲಿಕೋನ್ ಸವರಿದ ಮೈಗೆ ಅಂಟಾಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ.

ನಿಯಂತ್ರಣದ ಜೋಡಣೆಗಳಿಗೆ ನಾವು ಕೊಟ್ಟಷ್ಟು ಸಮಯವನ್ನು ಬೇರೆ ಯಾವುದಕ್ಕೂ ಕೊಡಲಿಲ್ಲ. ರಡ್ಡರ್‌ನ ಕೇಬಲ್ ಪೆಡಲ್‌ಗಳ ಬಳಿ ಬಾಗಿದ ಕೊಳವೆಯೊಂದರೊಳಗೆ ಹಾದುಹೋಗುತ್ತದೆ, ಸವೆತ ಶುರುವಾಗುವುದೂ ಸಾಮಾನ್ಯವಾಗಿ ಅಲ್ಲಿ. ಹಳೆಯ ಹತ್ತಿ ಬಟ್ಟೆಯೊಂದನ್ನು ಕೇಬಲ್ಲಿಗೆ ಸುತ್ತಿ ಉದ್ದಕ್ಕೂ ಸವರಿಕೊಂಡು ಹೋಗಬೇಕು. ಒಂದು ಎಳೆ ತುಂಡಾಗಿದ್ದರೂ ಬಟ್ಟೆಯ ನೂಲು ಅದಕ್ಕೆ ಸಿಕ್ಕಿ ನಿಲ್ಲುತ್ತದೆ. ಬರಿಗೈಯಿಂದ ಸವರಿದರೆ ಬೆರಳು ಸೀಳುತ್ತದೆ. ಬಟ್ಟೆ ಸಿಕ್ಕದಿದ್ದರೂ ಅಲ್ಲಿಗೆ ಮುಗಿಯಲಿಲ್ಲ. ಕೇಬಲನ್ನು ಸಡಿಲಗೊಳಿಸಿ ಬಾಗಿಸಿ ನೋಡಿದರೆ ಒಳಗಿನ ಎಳೆಗಳ ಸ್ಥಿತಿ ತಿಳಿಯುತ್ತದೆ. ನಮ್ಮ ಗ್ಲೈಡರ್‌ನ ಒಂದು ಬದಿಯ ಕೇಬಲ್‌ನಲ್ಲಿ ಕೊಳವೆಯ ಬಾಯಿಗೆ ಹತ್ತಿರ ಎಳೆಗಳು ಚಪ್ಪಟೆಯಾಗಿ ಹೊಳೆಯುತ್ತಿದ್ದವು. ತಪಾಸಕರು ಎರಡು ಬದಿಯ ಕೇಬಲ್‌ಗಳನ್ನೂ ಬದಲಿಸಲು ಹೇಳಿದರು. ಹಳೆಯ ಕೇಬಲ್‌ನ ತುದಿಗೆ ದಾರ ಕಟ್ಟಿ ಎಳೆದುಕೊಂಡು, ಅದೇ ದಾರದಿಂದ ಹೊಸದನ್ನು ಅದೇ ದಾರಿಯಲ್ಲಿ ಒಳಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ತುದಿಯನ್ನು ಕುಣಿಕೆ ಮಾಡಿ ತಾಮ್ರದ ತೋಳು ತೊಡಿಸಿ ಒತ್ತುವ ಕೆಲಸವನ್ನು ಮಾತ್ರ ಅವರೇ ಮಾಡಿದರು. ಒತ್ತಿದ ಮೇಲೆ ಅದರ ದಪ್ಪವನ್ನು ಗೇಜಿನಿಂದ ಅಳೆದರು. ತೋಳು ಗೇಜಿನ ಸೀಳಿನಲ್ಲಿ ಹೋಗದಿದ್ದರೆ ಒತ್ತಿದ್ದು ಸಾಲದು ಎಂದರ್ಥ.

ರೆಕ್ಕೆಯ ಏಲೆರಾನ್ ಮತ್ತು ಇಳಿಯುವಾಗ ರೆಕ್ಕೆಯಿಂದ ಮೇಲೆದ್ದು ಗಾಳಿಯನ್ನು ತಡೆಯುವ ಏರ್‌ಬ್ರೇಕ್‌ಗಳ ದಂಡಗಳು ಹಲವು ಗ್ಲೈಡರ್‌ಗಳಲ್ಲಿ ಲೊಟೆಲಿಯೆ ಎಂಬ ಹೆಸರಿನ ಜೋಡಕಗಳಿಂದ ಕೂಡಿಕೊಳ್ಳುತ್ತವೆ. ಒಂದು ಕಡೆ ಉಕ್ಕಿನ ಗುಂಡು, ಇನ್ನೊಂದು ಕಡೆ ಅದನ್ನು ಹಿಡಿಯುವ ಬಟ್ಟಲು, ಬಟ್ಟಲಿನ ಒಳಗೆ ಗುಂಡನ್ನು ಜಾರದಂತೆ ತಡೆಯುವ ಸ್ಪ್ರಿಂಗಿನ ಬೆಣೆ. ಗುಂಡು ಪೂರ್ತಿ ಒಳಗೆ ಕೂರದೆ ಬಟ್ಟಲಿನ ಬಾಯಲ್ಲಿ ಒರಗಿ ನಿಂತಿದ್ದರೂ ಹೊರನೋಟಕ್ಕೆ ಜೋಡಣೆ ಸರಿಯಾದಂತೆ ತೋರಬಹುದು. ಬೆಣೆಯಲ್ಲಿರುವ ಚಿಕ್ಕ ರಂಧ್ರ ಹೊರಗೆ ಕಾಣುವಷ್ಟು ಬೆಣೆ ಮೇಲೆ ಬಂದಿದ್ದರೆ ಮಾತ್ರ ಸುರಕ್ಷತಾ ಪಿನ್ ಅದರೊಳಗೆ ಹೋಗುತ್ತದೆ. ಆದ್ದರಿಂದ ಪಿನ್ ಬೀಗವೂ ಹೌದು, ಸಾಕ್ಷಿಯೂ ಹೌದು. ಇವುಗಳನ್ನು ಬಿಚ್ಚಿ, ಹಳೆಯ ಗ್ರೀಸನ್ನು ಒರೆಸಿ, ಗುಂಡು ಸವೆದು ಅಂಡಾಕಾರಕ್ಕೆ ತಿರುಗಿಲ್ಲವೆಂದು ಕ್ಯಾಲಿಪರ್‌ನಿಂದ ಹಲವು ದಿಕ್ಕುಗಳಲ್ಲಿ ಅಳೆದು, ಕೈಪಿಡಿಯ ಮಿತಿಯೊಂದಿಗೆ ಹೋಲಿಸಿ ಬರೆದುಕೊಂಡೆವು.

ಈ ಹಂತದಲ್ಲೇ ನನಗೆ ಸ್ವಯಂಸೇವಕರ ಕೆಲಸದ ನಿಜವಾದ ಕಷ್ಟ ಅರ್ಥವಾದದ್ದು. ವೃತ್ತಿಪರ ಕಾರ್ಯಾಗಾರದಲ್ಲಿ ಒಬ್ಬರು ಶುರುಮಾಡಿದ ಕೆಲಸವನ್ನು ಸಾಮಾನ್ಯವಾಗಿ ಅವರೇ ಮರುದಿನ ಮುಂದುವರಿಸುತ್ತಾರೆ. ನಾವು ಬಿಡುವಿನ ದಿನಗಳಲ್ಲಿ ಬರುವವರು. ನಾನು ಅರ್ಧ ಬಿಚ್ಚಿಟ್ಟದ್ದನ್ನು ಮುಂದಿನ ಸಲ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ನಡುವೆ ಒಂದು ವಾರ ಕಳೆದಿರುತ್ತದೆ, ನನಗೆ ನೆನಪಿರುವುದು ಅವರಿಗೆ ತಿಳಿದಿರುವುದಿಲ್ಲ. ಕೆಲಸದ ನಡುವೆ ಯಾರೋ ಬಂದು ಮಾತಾಡಿಸುವುದು, ರೆಕ್ಕೆ ಎತ್ತಲು ಒಂದು ಕೈ ಬೇಕೆಂದು ಕರೆಯುವುದು ಕ್ಲಬ್ಬಿನಲ್ಲಿ ಸಹಜ. ವಿಮಾನ ನಿರ್ವಹಣೆಯಲ್ಲಿ ಮನುಷ್ಯರು ಎಡವುವ ಕಾರಣಗಳನ್ನು ಕೆನಡಾದ ಗಾರ್ಡನ್ ಡುಪಾಂಟ್ ಅವರು 1993ರಲ್ಲಿ ಹನ್ನೆರಡು ಬಗೆಗಳಾಗಿ ವಿಂಗಡಿಸಿದ್ದರು. ಗಮನ ಬೇರೆಡೆಗೆ ಹರಿಯುವುದು ಅವುಗಳಲ್ಲೊಂದು. ಬೋಲ್ಟನ್ನು ಕೈಯಿಂದ ತಿರುಗಿಸಿ ಕೂರಿಸಿ, ಸ್ಪ್ಯಾನರ್‌ನಿಂದ ಬಿಗಿಮಾಡುವ ಮೊದಲು ಎದ್ದುಹೋದರೆ, ಹಿಂತಿರುಗಿದವರ ಕಣ್ಣಿಗೆ ಅದು ಮುಗಿದ ಕೆಲಸದಂತೆಯೇ ಕಾಣುತ್ತದೆ.

ನಮ್ಮ ತಪಾಸಕರು ಇದಕ್ಕಾಗಿ ಹಾಕಿಕೊಟ್ಟಿದ್ದ ಕ್ರಮಗಳು ಸರಳವಾಗಿದ್ದವು, ಮತ್ತು ಅವುಗಳ ವಿಷಯದಲ್ಲಿ ಅವರು ಯಾರಿಗೂ ರಿಯಾಯಿತಿ ತೋರಿಸುತ್ತಿರಲಿಲ್ಲ. ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಕೆಂಪು ಚೀಟಿ ಕಟ್ಟಬೇಕು. ಆ ಚೀಟಿ ಕಾಕ್‌ಪಿಟ್ಟಿನಿಂದಲೇ ಕಾಣುವಂತಿರಬೇಕು. ಕಳಚಿದ ನಟ್ಟು, ವಾಷರ್, ಬೋಲ್ಟುಗಳನ್ನು ಚೀಲದಲ್ಲಿ ಹಾಕಿ ಆ ರಂಧ್ರದ ಪಕ್ಕದಲ್ಲೇ ಅಂಟಿಸಬೇಕು. ಸ್ಪ್ಲಿಟ್ ಪಿನ್ನುಗಳನ್ನೂ ನೈಲಾನ್ ಉಂಗುರವಿರುವ ನಟ್ಟುಗಳನ್ನೂ ಮತ್ತೆ ಬಳಸುವ ಮಾತೇ ಇಲ್ಲ, ಬಿಚ್ಚಿದ ತಕ್ಷಣ ಕಸದ ಡಬ್ಬಿಗೆ. ಕೆಲಸದ ನಡುವೆ ಏಳಬೇಕಾದರೆ ಎಲ್ಲಿ ನಿಲ್ಲಿಸಿದಿರಿ ಎಂಬುದನ್ನು ದಿನಚರಿಯಲ್ಲಿ ಪೂರ್ಣ ವಾಕ್ಯದಲ್ಲಿ ಬರೆದು ಹೆಸರು ಹಾಕಬೇಕು. ಹಿಂತಿರುಗಿದಾಗ ನಿಲ್ಲಿಸಿದ ಜಾಗದಿಂದ ಮುಂದುವರಿಯದೆ ಮೂರು ಹೆಜ್ಜೆ ಹಿಂದಿನಿಂದ ಶುರುಮಾಡಬೇಕು. ಸಂಜೆ ಹಲಗೆಯ ಮೇಲೆ ಬಿಡಿಸಿದ ಆಕಾರಗಳಲ್ಲಿ ಎಲ್ಲ ಉಪಕರಣಗಳೂ ಕೂರುವವರೆಗೆ ಹ್ಯಾಂಗರ್‌ನ ಬಾಗಿಲು ಹಾಕುವಂತಿಲ್ಲ. ‘ಎಡ ರೆಕ್ಕೆಯ ಏಲೆರಾನ್ ನೋಡಿದೆ’ ಎಂದು ಬರೆದವರನ್ನು ಅವರು ಹಿಂದಕ್ಕೆ ಕರೆದು, ಏನನ್ನು ನೋಡಿದಿರಿ, ಕೀಲುಗಳೆಷ್ಟು, ಯಾವುದಕ್ಕೆ ಗ್ರೀಸ್ ಹಚ್ಚಿದಿರಿ, ಯಾವುದು ಬಾಕಿ ಎಂದು ಕೇಳುತ್ತಿದ್ದರು. ಈ ಕೆಲಸಕ್ಕೆ ಬರುವವರಿಗೆ ಕೈಚಳಕಕ್ಕಿಂತ ಮೊದಲು ಬೇಕಾದದ್ದು, ತನಗೆ ಗೊತ್ತಿರುವುದು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಕೈ ತೆಗೆದು, ಅಲ್ಲಿಯವರೆಗೆ ಮಾಡಿದ್ದನ್ನು ಮುಂದಿನವರಿಗೆ ಸ್ಪಷ್ಟವಾಗಿ ಹೇಳುವ ಅಭ್ಯಾಸ ಎಂದು ನಾನು ದೃಢವಾಗಿ ನಂಬಿದ್ದೇನೆ.

ಉಳಿದವುಗಳನ್ನು ಬೇಗ ಹೇಳಬಹುದು. ಮೂಗಿನಲ್ಲಿ, ಗ್ಲೈಡರನ್ನು ಎಳೆದೊಯ್ಯುವ ವಿಮಾನದ ಹಗ್ಗಕ್ಕೊಂದು, ಹೊಟ್ಟೆಯಡಿ ವಿಂಚ್‌ಗೊಂದು ಹೀಗೆ ಎರಡು ಕೊಕ್ಕೆಗಳಿದ್ದವು. ಹೊಟ್ಟೆಯಡಿಯದು ಹಗ್ಗ ಹಿಂದಕ್ಕೆ ಜಗ್ಗಿದಾಗ ಪೈಲಟ್ ಏನನ್ನೂ ಎಳೆಯದೆಯೇ ಬಿಟ್ಟುಕೊಡಬೇಕು. ಅದನ್ನು ಉಂಗುರ ಸಿಕ್ಕಿಸಿ ಪರೀಕ್ಷಿಸಿದೆವು. ಕೊಕ್ಕೆಯ ಒಳಭಾಗವನ್ನು ಕ್ಲಬ್‌ನಲ್ಲಿ ಬಿಚ್ಚಕೂಡದು, ನಿಗದಿತ ಅವಧಿ ತುಂಬಿದಾಗ ಅದನ್ನು ಅಧಿಕೃತ ದುರಸ್ತಿಗೆ ಕಳಿಸಬೇಕು. ಬೆಲ್ಟುಗಳ ಹೊಲಿಗೆ ಮತ್ತು ಅವುಗಳ ಚೀಟಿಯ ಮೇಲಿನ ದಿನಾಂಕ, ಚಕ್ರದ ಬ್ರೇಕು, ಟೈರಿನ ಗಾಳಿ, ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳವಾದ ಕ್ಯಾನೊಪಿಯನ್ನು ತುರ್ತಿನಲ್ಲಿ ಕಿತ್ತೊಗೆಯುವ ಹಿಡಿ ಇವನ್ನೆಲ್ಲ ನೋಡಿದೆವು. ವೇಗಮಾಪಕದ ನಳಿಕೆಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಉಪಕರಣ ಜೋಡಿಸಿರುವಾಗ ನಳಿಕೆಗೆ ಎಂದೂ ಬಾಯಿಂದ ಊದಬಾರದು, ಒಳಗಿನ ತೆಳುವಾದ ಪೊರೆ ಅಷ್ಟಕ್ಕೇ ಕೆಡುತ್ತದೆ.

ರಡ್ಡರ್‌ನ ಅಂಚಿನಲ್ಲಿ ಬಣ್ಣ ಎದ್ದಿದ್ದ ಜಾಗಕ್ಕೆ ತೇಪೆ ಹಾಕೋಣವೆಂದು ಒಬ್ಬರು ಸೂಚಿಸಿದಾಗ ತಪಾಸಕರು ತಡೆದದ್ದು ನೆನಪಾಗುತ್ತದೆ. ರಡ್ಡರ್, ಏಲೆರಾನ್, ಎಲಿವೇಟರ್‌ಗಳ ತೂಕ ಮತ್ತು ಕೀಲಿನ ಸುತ್ತ ಆ ತೂಕ ಹಂಚಿಹೋಗಿರುವ ಬಗೆ ಎರಡಕ್ಕೂ ಕೈಪಿಡಿಯಲ್ಲಿ ಮಿತಿಯಿದೆ. ಕೀಲಿನ ಹಿಂಭಾಗದಲ್ಲಿ ತೂಕ ಹೆಚ್ಚಾದರೆ, ಒಂದು ವೇಗ ದಾಟಿದ ಮೇಲೆ ಗಾಳಿಯೂ ರಚನೆಯ ಸ್ಥಿತಿಸ್ಥಾಪಕತೆಯೂ ಒಂದನ್ನೊಂದು ಉಬ್ಬಿಸಿ ಆ ಭಾಗ ಅದುರತೊಡಗುತ್ತದೆ. ಫ್ಲಟರ್ ಎಂದು ಕರೆಯುವ ಈ ಅದುರಾಟ ಕ್ಷಣಮಾತ್ರದಲ್ಲಿ ರಚನೆಯನ್ನೇ ಮುರಿಯಬಲ್ಲದು. ಆದ್ದರಿಂದ ಬಣ್ಣದ ತೇಪೆಗೂ ಮುಂಚೆ ರಡ್ಡರನ್ನು ಕಳಚಿ ತೂಗಬೇಕು, ಆಮೇಲೂ ತೂಗಬೇಕು.

ಇಡೀ ಗ್ಲೈಡರನ್ನೂ ಈ ಬಾರಿ ತೂಗಿದೆವು. ಕೈಪಿಡಿ ಹೇಳಿದ ಕೋನಕ್ಕೆ ಒಡಲನ್ನು ಮಟ್ಟಮಾಡಿ, ಮುಖ್ಯಚಕ್ರದಡಿ ಒಂದು ತಕ್ಕಡಿ, ಬಾಲದಡಿ ಒಂದು ತಕ್ಕಡಿ ಇಟ್ಟು, ರೆಕ್ಕೆಯ ಮುಂದಂಚಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ದೂರಗಳನ್ನು ಅಳೆಯಬೇಕು. ಬಾಲದ ತೂಕವನ್ನು ಎರಡು ತಕ್ಕಡಿಗಳ ನಡುವಿನ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿದರೆ, ಭಾರದ ಕೇಂದ್ರ ಮುಖ್ಯಚಕ್ರಕ್ಕಿಂತ ಎಷ್ಟು ಹಿಂದಿದೆ ಎಂಬುದು ಸಿಗುತ್ತದೆ. ಕಾಕ್‌ಪಿಟ್ಟಿನಲ್ಲಿ ಅಂಟಿಸಿರುವ ಕನಿಷ್ಠ ಪೈಲಟ್ ತೂಕದ ಫಲಕ ಹುಟ್ಟುವುದು ಈ ಲೆಕ್ಕದಿಂದ. ಬಾಲ ಭಾರದ ಕೇಂದ್ರದಿಂದ ಬಹಳ ದೂರವಿರುವುದರಿಂದ ಅಲ್ಲಿ ಸೇರಿದ ಅಲ್ಪ ತೂಕವನ್ನು ಸರಿದೂಗಿಸಲು ಮುಂದೆ ಅದರ ಹಲವು ಪಟ್ಟು ಬೇಕಾಗುತ್ತದೆ. ಹಗುರ ಮೈಯ ವಿದ್ಯಾರ್ಥಿಯೊಬ್ಬರು ಒಂಟಿಯಾಗಿ ಹಾರುವ ದಿನ ಆ ಫಲಕದ ಅಂಕಿ ಸರಿಯಿರಲೇಬೇಕು.

ಜೋಡಣೆಯ ದಿನ ರೆಕ್ಕೆಗಳನ್ನು ಒಳಗೆ ತಳ್ಳಿ, ಪಿನ್ನುಗಳನ್ನು ಕೂರಿಸಿ ಬೀಗ ಹಾಕಿದ ಮೇಲೆ, ಒಬ್ಬರು ಕಾಕ್‌ಪಿಟ್ಟಿನಲ್ಲಿ ಕುಳಿತು ಸ್ಟಿಕ್ ಆಡಿಸಲು ಯತ್ನಿಸಿದರು, ಇನ್ನೊಬ್ಬರು ಹೊರಗೆ ಏಲೆರಾನನ್ನು ಅಂಗೈಗಳಿಂದ ಅಲುಗದಂತೆ ಹಿಡಿದರು. ಸ್ಟಿಕ್ಕಿನ ಒತ್ತಡ ಅಂಗೈಗೆ ತಲುಪಬೇಕು. ಜೋಡಕ ಬರಿದೇ ಒರಗಿಕೊಂಡಿದ್ದರೆ ಬಿಡುವಾಗಿ ಆಡಿಸಿದಾಗ ಏಲೆರಾನ್ ಸರಿಯಾಗಿ ಅಲುಗಿದರೂ, ಹೀಗೆ ತಡೆದು ಹಿಡಿದಾಗ ಕಳಚಿಕೊಳ್ಳುತ್ತದೆ. ಎಲಿವೇಟರ್, ರಡ್ಡರ್, ಏರ್‌ಬ್ರೇಕ್‌ಗಳಿಗೂ ಇದೇ ಪರೀಕ್ಷೆ. ಸ್ಟಿಕ್ ಬಲಕ್ಕೆ ಹೋದಾಗ ಬಲ ಏಲೆರಾನ್ ಮೇಲೇಳುತ್ತದೆಯೇ ಎಂದು ದಿಕ್ಕನ್ನೂ ಬಾಯಿಬಿಟ್ಟು ಹೇಳಿಸಿದರು. ಬಳಿಕ, ಜೋಡಣೆಯಲ್ಲಿ ಕೈಹಾಕದೆ ಇದ್ದ ಇನ್ನೊಬ್ಬ ಅರ್ಹರು ಬಂದು, ನಮ್ಮ ಪಟ್ಟಿಯನ್ನು ನೋಡದೆ, ಪ್ರತಿಯೊಂದು ಜೋಡಕವನ್ನೂ ಪಿನ್ನನ್ನೂ ತಾವೇ ಮುಟ್ಟಿ ಪರೀಕ್ಷಿಸಿದರು. ನಮ್ಮ ಮೇಲೆ ಅಪನಂಬಿಕೆ ಎಂದು ಇದನ್ನು ಯಾರೂ ತಿಳಿಯಲಿಲ್ಲ. ತಾನು ಜೋಡಿಸಿದ್ದನ್ನು ತಾನೇ ನೋಡುವಾಗ ಕಣ್ಣು ಇರಬೇಕಾದದ್ದನ್ನು ಕಾಣುತ್ತದೆಯೇ ಹೊರತು ಇರುವುದನ್ನಲ್ಲ.

ತಪಾಸಕರು ಲಾಗ್‌ಬುಕ್ಕಿಗೆ ಸಹಿ ಹಾಕಿದ ಬಳಿಕ ಅನುಭವಿ ಪೈಲಟ್ ಒಬ್ಬರು ಒಂಟಿಯಾಗಿ ಪರೀಕ್ಷಾ ಹಾರಾಟ ನಡೆಸಿದರು. ರೆಕ್ಕೆಯ ಬುಡದಲ್ಲಿ ಸಣ್ಣ ಸಿಳ್ಳಿನ ಶಬ್ದವಿದೆ, ಏರ್‌ಬ್ರೇಕ್‌ನ ಬೀಗ ಬಿಡಿಸಲು ಮುಂಚಿಗಿಂತ ತುಸು ಹೆಚ್ಚು ಬಲ ಬೇಕು ಎಂದು ಅವರು ಬರೆದುಕೊಟ್ಟರು. ಸಿಳ್ಳು ಟೇಪ್ ಮಡಿಚಿಕೊಂಡಿದ್ದರಿಂದ ಬಂದದ್ದು, ಅದನ್ನು ಬದಲಿಸಿದೆವು. ಬೀಗ ಬಿಡಿಸುವ ಬಲವನ್ನು ತಪಾಸಕರು ಸ್ಪ್ರಿಂಗ್ ತಕ್ಕಡಿಯಿಂದ ಅಳೆದು, ಕೈಪಿಡಿಯ ಮಿತಿಯೊಳಗಿದೆ ಎಂದು ಖಚಿತಪಡಿಸಿಕೊಂಡು ದಾಖಲಿಸಿದರು. ಮುಂದಿನ ವರ್ಷಕ್ಕೆ ಉಳಿದವು ಮೂರು: ಹಿಂದಿನ ಆಸನದ ಬೆಲ್ಟಿನ ಅವಧಿ ಮುಗಿಯುವುದರೊಳಗೆ ಬದಲಿಸುವುದು, ರಡ್ಡರ್‌ನ ಬಣ್ಣವನ್ನು, ಮೊದಲೂ ಆಮೇಲೂ ರಡ್ಡರನ್ನು ತೂಗಿ, ಸರಿಪಡಿಸುವುದು, ಚಕ್ರದ ಗೂಡಿನ ಬಳಿ ಹೊಸ ಗೆರೆ ಮೂಡಿದೆಯೇ ಎಂದು ಮತ್ತೆ ನೋಡುವುದು. ಅವುಗಳನ್ನು ಪಟ್ಟಿಯ ಕೊನೆಯ ಪುಟದಲ್ಲಿ ಬರೆದು, ಮುಂದಿನ ತಪಾಸಣೆಗಾಗಿ ಒಂಟಿ ಆಸನದ ಗ್ಲೈಡರನ್ನು ಒಳಗೆ ತಂದೆವು.